ಓರೆಹಲ್ಲಿನ ಸ್ವರ

ಅಕ್ಟೋಬರ್ ೭, ಮಂಗಳವಾರ

ಇವತ್ತೂ ಲೋಕಲ್ ಟ್ರೈನಿನಲ್ಲಿ ಬೊರಿವಲಿಯವರೆಗೆ ನಿಂತೇ ಬಂದೆ. ಅಲ್ಲಿ ಸೀಟು ಸಿಕ್ಕಿತು. ಕೂತು ಕಾಲು ಚಾಚುವಷ್ಟರಲ್ಲಿ ದಹಿಸರ್, ನಾನಿಳಿಯುವ ಸ್ಟೇಷನ್. ದಿನವಿಡೀ ಹೋಟೆಲಿನ ಕೌಂಟರಿನಲ್ಲಿ ನಿಲ್ಲುವವನಿಗೆ ದೇವರು ಕೊಡುವ ಸೀಟು ಇಷ್ಟೇ.

ಮಧ್ಯಾಹ್ನ ದೂಜಣ್ಣ ಗ್ರಾಂಟ್ ರೋಡಿನ ನಮ್ಮ ಹೋಟೆಲಿಗೆ ಬಂದಿದ್ದ. ಮದುವೆಗಳಲ್ಲಿ ನಾನು ಸ್ಯಾಕ್ಸೋಫೋನ್ ಊದಲು ಶುರುಮಾಡಿದಾಗಿನಿಂದ ಪಕ್ಕದಲ್ಲಿ ಕೂತು ಡೋಲು ಬಾರಿಸಿದವನು. ಕಾಫಿ ಕುಡಿಯುವಾಗ ಕೈ ನಡುಗಿ ಸಾಸರಿಗೆ ಚೆಲ್ಲಿತು. ನಾನು ಬೇರೆ ಕಡೆ ನೋಡಿದೆ. ಮೊಮ್ಮಗಳು ಯಕ್ಷಿತಾಳ ಮದುವೆಯಂತೆ. ನವೆಂಬರ್ ೩೦, ಭಾನುವಾರ. ದಹಿಸರಿನಲ್ಲೇ ಹಾಲ್.

"ಧಾರೆಗೆ ನೀನೇ ಊದ್ಬೇಕು ಶೀನ. ಡೋಲು ನಂದು. ಅದೇ ಕೊನೆ. ಮತ್ತೆ ಈ ಕೈಗೆ ರಜೆ."

"ಆಯ್ತು ದೂಜಣ್ಣ" ಎಂದೆ. ಇದೊಂದನ್ನು ಮನಸ್ಸಿನಿಂದ ಹೇಳಿದೆ. ಉಳಿದ ಆಯಿತುಗಳು ಬಾಯಿಂದ ತಾವಾಗಿ ಬೀಳುತ್ತವೆ.

ಸಂಜೆಯೂ ಹಾಗೆ ಒಂದು ಬಿತ್ತು. ಹೋಟೆಲಿನ ಧಣಿ ಸೊಸೆಯನ್ನು ಕರೆದುಕೊಂಡು ಬಂದರು. ಡಾಕ್ಟರ್ ಲಾವಣ್ಯಾ, ಹಲ್ಲಿನ ಡಾಕ್ಟರ್. ನಮ್ಮ ದಹಿಸರ್ ಸ್ಟೇಷನ್ ಪಕ್ಕದಲ್ಲೇ ಹೊಸ ಕ್ಲಿನಿಕ್. ಗೋಡೆಗೆ ಹಾಕಲು 'ಮೊದಲು–ನಂತರ' ಫೋಟೋ ಬೇಕು. ಅದಕ್ಕೊಂದು ಬಾಯಿ ಬೇಕು.

"ಅಂಕಲ್, ಝರಾ ಸ್ಮೈಲ್ ಮಾಡಿ."

ಮಾಡಿದೆ. ಕೌಂಟರಿನವನಿಗೆ ಅದೇನು ಕಷ್ಟ.

"ಪರ್ಫೆಕ್ಟ್ ಕೇಸ್! ಲೆಫ್ಟ್ ಹಲ್ಲು ಓರೆ, ರೈಟ್‌ಗಿಂತ ಲಂಬಾ. ಬೈಟ್ ಥೋಡಾ ಆಫ್ ಇದೆ. ಮೈನರ್ ಹೈ ಅಂಕಲ್, ಬ್ರೇಸಸ್ ಬೇಡ. ಮುಂದೆ ನಾಲ್ಕು ವೆನೀರ್ ಹಾಕಿದ್ರೆ ಲೈನ್ ಸ್ಟ್ರೈಟ್."

ವೆನೀರ್ ಅಂದರೆ ಹಲ್ಲಿನ ಮುಖಕ್ಕೆ ಅಂಟಿಸುವ ಪಿಂಗಾಣಿ ಪದರ. ಉಗುರಿನಷ್ಟು ತೆಳು.

"ಫ್ರೀ ಮಾರಾಯ, ಎಂತ ಯೋಚನೆ?" ಎಂದರು ಧಣಿ. "ನಮ್ಮ ಶೇರಿಗಾರ ಇಲ್ಲ ಅನ್ಲಿಕ್ಕಿಲ್ಲ." ವಾದ್ಯ ಊದುವ ಮನೆತನದವನೆಂದು ನನ್ನನ್ನು ಅವರು ಕರೆಯುವುದೇ ಹಾಗೆ.

"ಆಯಿತು ಧಣಿ."

ಅಕ್ಟೋಬರ್ ೧೨, ಭಾನುವಾರ

ಕ್ಲಿನಿಕ್‌ಗೆ ಹೋಗಿ ಬಂದೆ. ವಾರದ ಒಂದೇ ರಜೆ ಕುರ್ಚಿಯಲ್ಲಿ ಮಲಗಿ ಕಳೆಯಿತು. ಮಲಗಲು ಸಿಕ್ಕಿದ್ದೇ ಲಾಭ.

ಡಾಕ್ಟರಮ್ಮ ಒಳ್ಳೆಯವಳು. ಮೊದಲೇ ಹೇಳಿದಳು— "ಮೇಲಿನ ಎನಾಮಲ್ ಸ್ವಲ್ಪ ತೆಗೀಬೇಕು ಅಂಕಲ್. ಒಮ್ಮೆ ತೆಗೆದ್ರೆ ವಾಪಸ್ ಬರಲ್ಲ. ಪಕ್ಕಾ?" ತಲೆ ಆಡಿಸಿದೆ. ಬಾಯಿಗೆ ಹತ್ತಿ ತುರುಕಿ, ತುಟಿಗೆ ಕ್ಲಿಪ್ ಹಾಕಿ, ಮೆಷಿನ್ ಚಾಲೂ ಮಾಡಿದಳು. ಝುಂಯ್ ಎಂದಾಗಲೇ ನೆನಪಾದದ್ದು.

ಸ್ಯಾಕ್ಸ್. ಅದರ ಮೌತ್‌ಪೀಸ್ ಮೇಲೆ ಊರುವುದು ಇದೇ ಹಲ್ಲು.

ಇಷ್ಟು ವರ್ಷ ಇದೇ ಬಾಯಲ್ಲಿ ಊದಿದವನಿಗೆ ಐದು ದಿನ ಅದು ಹೊಳೆಯಲಿಲ್ಲ! ಮೂರ್ಖ. ನಿಲ್ಲಿಸಿ ಎನ್ನಲು ಹೋದೆ. ಹತ್ತಿಯೊಳಗಿಂದ 'ಹ್ಂ ಹ್ಂ' ಎಂದಷ್ಟೇ ಬಂತು.

"ನೋವಾ? ಬಸ್, ಹೋ ಗಯಾ" ಎಂದಳು. ಹೋ ಗಯಾ. ನಿಜ.

ಈಗ ತಾತ್ಕಾಲಿಕ ಪ್ಲಾಸ್ಟಿಕ್ ಹಲ್ಲು. ಕಚ್ಚಬಾರದು, ಊದುವುದಂತೂ ದೂರ. ಸೇವಂತಿಗೆ ಹೇಳಿದೆ. ಹೆಂಡತಿಗೆ ಹೇಳದೆ ಎಲ್ಲಿ ಹೋಗುವುದು.

"ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡ್ಬಾರ್ದು ಅಂತಾರೆ" ಎಂದಳು. "ನಿಮಗೆ ಹಲ್ಲೇ ದಾನಕ್ಕೆ ಬಂತಲ್ಲ, ಇನ್ನೆಂತ ನೋಡುದು."

ಅಕ್ಟೋಬರ್ ೨೬, ಭಾನುವಾರ

ಅಂಟಿಸಿದಳು. ಕನ್ನಡಿ ಹಿಡಿದಳು. ಸಾಲಾಗಿ, ಬಿಳಿಯಾಗಿ, ಯಾರದೋ ಹಲ್ಲು. ಎಡದ ಓರೆ ಹೋಗಿದೆ, ಬಲದ ಗಿಡ್ಡ ಹಲ್ಲು ಉದ್ದವಾಗಿದೆ. ಚೆನ್ನಾಗಿದೆ, ಸುಳ್ಳು ಹೇಳಬಾರದು. ಊಟ ಮಾಡುವಾಗ ಕೆಳಹಲ್ಲಿಗೆ ಬಡಿಯುತ್ತಿದ್ದದ್ದೂ ನಿಂತಿದೆ. ಫೋಟೋ ತೆಗೆದಳು. ಪಾಪ, ಅವಳಿಗೇ ನನಗಿಂತ ಖುಷಿ.

ಅಕ್ಟೋಬರ್ ೨೭, ಸೋಮವಾರ. ಬೆಳಿಗ್ಗೆ

ಟೆರೇಸ್ ಹತ್ತಿ ನೀರಿನ ಟ್ಯಾಂಕಿನ ಹಿಂದೆ ನಿಂತು ಊದಿದೆ. ಗಾಳಿ ಬಂತು. ಸ್ವರ ಬರಲಿಲ್ಲ.

ಹೊಸ ಹಲ್ಲು, ಎರಡು ದಿನ ಬೇಕಾದೀತು.

ನವೆಂಬರ್ ೪, ಮಂಗಳವಾರ

ಎರಡು ದಿನ ಅಲ್ಲ, ವಾರ ದಾಟಿತು. ಕೆಳಗಿನ ಸ್ಥಾಯಿ ಹೇಗೋ ತೆವಳುತ್ತದೆ. ಮೇಲೆ ಹೋದರೆ ಕೀಂ ಎಂದು ಒಡೆಯುತ್ತದೆ. ಮೂರನೇ ಮಹಡಿಯವರು ಸೇವಂತಿಯನ್ನು ಕೇಳಿದರಂತೆ, ಭಾವುಜಿ ಹೊಸದಾಗಿ ಕಲಿಯುತ್ತಿದ್ದಾರಾ ಎಂದು.

ಹಲ್ಲಿನ ತಪ್ಪಲ್ಲ, ವಾದ್ಯದ್ದೇ ಇರಬೇಕು ಎಂದು ಮನಸ್ಸಿಗೆ ಸುಳ್ಳು ಹೇಳಿಕೊಂಡು ಬೈಕುಲ್ಲಾಕ್ಕೆ ಹೋದೆ. ರಿಪೇರಿಯವನು ಊದಿ ನೋಡಿ, "ಏಕದಮ್ ಠೀಕ್ ಹೈ" ಎಂದು ವಾಪಸ್ ಕೊಟ್ಟ. ಅವನ ಬಾಯಲ್ಲಿ ನನ್ನ ಸ್ಯಾಕ್ಸ್ ಚೆನ್ನಾಗಿಯೇ ಹಾಡಿತು. ಹೊಟ್ಟೆ ಉರಿಯಿತು.

ಬರುವಾಗ ಟ್ರೈನಿನಲ್ಲಿ ಮೌತ್‌ಪೀಸ್ ಕಳಚಿ ಬೆರಳಾಡಿಸಿದೆ. ಮೇಲ್ಗಡೆ ಒಂದು ಗುಳಿ. ಆಳ, ಸ್ವಲ್ಪ ಸೊಟ್ಟ. ನನ್ನ ಓರೆಹಲ್ಲು ವರ್ಷಗಟ್ಟಲೆ ಕೂತು ಮಾಡಿಕೊಂಡ ಜಾಗ. ಬಲದ ಹಲ್ಲು ಗಿಡ್ಡ, ಅದು ಯಾವತ್ತೂ ಅಲ್ಲಿಗೆ ಮುಟ್ಟಿದ್ದೇ ಇಲ್ಲ. ಈಗ ಅದೇ ಮೊದಲು ಮುಟ್ಟುತ್ತದೆ. ಓರೆಹಲ್ಲು ಗುಳಿಯ ಮೇಲೆ ತೇಲುತ್ತದೆ.

ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ಎರಡೂ ಇವೆ, ಒಂದಕ್ಕೊಂದು ಕೂಡುವುದಿಲ್ಲ.

ನವೆಂಬರ್ ೧೬, ಭಾನುವಾರ

ದೂಜಣ್ಣ ಡೋಲು ಹೊತ್ತು ಮನೆಗೇ ಬಂದ, ಒಟ್ಟಿಗೆ ಒಮ್ಮೆ ಬಾರಿಸಿ ನೋಡುವ ಎಂದು. ಇವತ್ತು ಅವನ ಕೈ ನಡುಗಲಿಲ್ಲ. ಡೋಲಿನ ಮೇಲೆ ಅದು ನಡುಗುವುದಿಲ್ಲವಂತೆ. ನಡುಗಿದ್ದು ನನ್ನ ಸ್ವರ.

ಅರ್ಧಕ್ಕೇ ಬಾರಿಸುವುದನ್ನು ನಿಲ್ಲಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಲ್ಲು ಲಾಯ್ಕ ಉಂಟು" ಎಂದ. ಡೋಲಿನ ಹಗ್ಗ ಹೆಗಲಿಗೆ ಹಾಕಿಕೊಳ್ಳುತ್ತ— "ಮಗು ಹುಟ್ಟಿದಾಗಿಂದ ಹೇಳಿಟ್ಟಿದ್ದೆ ಮಾರಾಯ, ನಿನ್ನ ಧಾರೆಗೆ ಶೀನ ಊದ್ತಾನೆ ಅಂತ. ಆಗುದಿಲ್ಲವಾದ್ರೆ ಈಗಲೇ ಹೇಳು. ಬೇರೆಯವ್ರಿಗೆ ಹೇಳ್ತೇನೆ."

ಆಗುವುದಿಲ್ಲ ಎನ್ನುವ ಶಬ್ದ ನನ್ನ ಬಾಯಿಗೆ ಅಭ್ಯಾಸವಿಲ್ಲ. "ಆಗ್ತದೆ" ಎಂದೆ. ಮೆಟ್ಟಿಲಿಳಿದು ಹೋಗುವವರೆಗೂ ನೋಡುತ್ತ ನಿಂತೆ. ನಾಚಿಕೆಯಾಯಿತು. ತುಂಬಾ.

ನವೆಂಬರ್ ೨೦, ಗುರುವಾರ

ಧಣಿ ಕೌಂಟರಿಗೆ ಬಂದರು. ಕ್ಲಿನಿಕ್‌ನಲ್ಲಿ ಫಂಕ್ಷನ್ ಇಟ್ಟಿದ್ದಾರೆ. ವಿಡಿಯೋ, ಗೆಸ್ಟು, ನಾಷ್ಟಾ. "ನಿನ್ನನ್ನೇ ನಿಲ್ಲಿಸಿ ತೋರಿಸುದು ಶೇರಿಗಾರ. ಮೂವತ್ತಕ್ಕೆ, ಭಾನುವಾರ. ಹತ್ತಕ್ಕೆ ಬಾ, ಬಿಳಿ ಶರ್ಟ್ ಹಾಕು."

ಮೂವತ್ತಕ್ಕೆ ಧಾರೆ. ಅದೂ ಹತ್ತರ ಮೇಲೇ.

"ಆಯಿತು ಧಣಿ" ಎಂದೆ.

ಹೇಳಿದ್ದು ನಾನಲ್ಲ. ಬಾಯಿ. ಈ ಬಾಯಿಗೆ ಹಲ್ಲಲ್ಲ, ಬೀಗ ಹಾಕಿಸಬೇಕಿತ್ತು.

ನವೆಂಬರ್ ೨೨, ಶನಿವಾರ

ಸೇವಂತಿಗೆ ಇವತ್ತು ಎಲ್ಲ ಹೇಳಿದೆ. ಬೆಂಡೆಕಾಯಿ ಹೆಚ್ಚುತ್ತಿದ್ದಳು. ಕತ್ತಿ ಕೆಳಗಿಟ್ಟಳು.

"ಧಣಿಗೆ ಇಲ್ಲ ಅನ್ಲಿಕ್ಕೆ ನಿಮ್ಗೆ ಆಗುದಿಲ್ಲ, ಅದು ನಂಗೊತ್ತುಂಟು. ಡಾಕ್ಟರಿಗಾದ್ರೂ ಹೇಳಿ. ಹಲ್ಲು ಅಂಟಿಸಿದ್ದು ಅವಳೇ ಅಲ್ವಾ?"

"ಮಾಡಿದ್ದನ್ನು ಕೆಡಿಸು ಅಂತ ಹೇಗೆ ಕೇಳುವುದು?"

"ಕೇಳ್ಬೇಡಿ. ಊದಿ ತೋರ್ಸಿ."

ಮೂವತ್ತು ವರ್ಷದ ಮೇಲಾಯಿತು ಮದುವೆಯಾಗಿ. ಇವಳ ಮಾತನ್ನು ಕೂಡಲೇ ಕೇಳಿದ್ದು ಕಡಿಮೆ. ಕೇಳಿ ಕೆಟ್ಟದ್ದೂ ಇಲ್ಲ.

ನವೆಂಬರ್ ೨೩, ಭಾನುವಾರ. ಮಧ್ಯಾಹ್ನ

ಕೈ ಇನ್ನೂ ಬಿಸಿಯಾಗಿದೆ. ಬರೆದುಬಿಡಬೇಕು.

ಸ್ಯಾಕ್ಸ್ ಹೊತ್ತು ಕ್ಲಿನಿಕ್‌ಗೆ ಹೋದೆ. ಗೋಡೆಯ ಮೇಲೆ ನಾನು, ಎರಡು ಸಲ. ಓರೆಹಲ್ಲಿನ ನಾನು, ನೆಟ್ಟಗಿನ ನಾನು. ಏನೂ ವಿವರಿಸಲಿಲ್ಲ. ಕುರ್ಚಿಯ ಪಕ್ಕ ನಿಂತು ಊದಿದೆ. ಕೀಂ. ಮೌತ್‌ಪೀಸ್ ಕಳಚಿ ಕೈಗೆ ಕೊಟ್ಟೆ.

ಲಾವಣ್ಯಾ ಗುಳಿಯ ಮೇಲೆ ಬೆರಳಿಟ್ಟಳು.

"ಅಂಕಲ್, ಮೊದಲೇ ಯಾಕೆ ಬೋಲಾ ನಹೀಂ?"

"ಬಾಯಲ್ಲಿ ಹತ್ತಿ ಇತ್ತು."

ನಗಲಿಲ್ಲ ಅವಳು. ಕಣ್ಣು ಕೆಂಪಾಯಿತು. "ಓರೆಹಲ್ಲು ಹಳೇ ಥರಾ ಮಾಡಕ್ಕೆ ಆಗಲ್ಲ. ಘಿಸ್ ದಿಯಾ ನಾ, ಉಜ್ಜಿಬಿಟ್ಟಿದ್ದೀನಿ. ರೈಟ್‌ದು ಮಾತ್ರ ಗಿಡ್ಡ ಮಾಡಬಹುದು. ಕ್ರ್ಯಾಕ್ ಆಗೋ ಚಾನ್ಸ್ ಇದೆ. ಲೈನ್ ಹೋಗುತ್ತೆ. ಲುಕ್ ಹೋಗುತ್ತೆ."

"ಹೋಗಲಿ" ಎಂದೆ. ಎಂದೆ! ಧಣಿಯ ಸೊಸೆಗೆ.

ಕಚ್ಚು ಸರಿಯಿದೆಯೇ ಎಂದು ನೋಡಲು ಹಲ್ಲುಗಳ ನಡುವೆ ಇಡುವ ನೀಲಿ ಕಾಗದ ಇರುತ್ತದೆ. ಹೆಚ್ಚು ಒತ್ತುವ ಕಡೆ ನೀಲಿ ಹತ್ತುತ್ತದೆ. ಅದನ್ನು ಮೌತ್‌ಪೀಸ್ ಮೇಲೆ ಹಾಸಿದಳು. "ಊದೋ ಥರಾ ಕಚ್ಚಿ." ಕಚ್ಚಿದೆ. ಹಲ್ಲಿಗೆ ನೀಲಿ ಹತ್ತಿದಲ್ಲಿ ಚೂರು ಉಜ್ಜಿದಳು. ಮತ್ತೆ ಕಾಗದ, ಮತ್ತೆ ಕಚ್ಚು, ಮತ್ತೆ ಚೂರು. ಹೊರಗೆ ಕೂತಿದ್ದ ಪೇಶಂಟುಗಳು ಬಾಗಿಲಲ್ಲಿ ಇಣುಕಿದರು. ಒಮ್ಮೆ ಟಕ್ ಎಂದಿತು. ಬಲದ ಹಲ್ಲಿನ ಮೂಲೆ ಹಾರಿತು. ಅವಳು ಅಲ್ಲೇ ನಯ ಮಾಡಿದಳು.

ಆಮೇಲೆ ಊದಿದೆ. ಓರೆಹಲ್ಲು ಗುಳಿಗೆ ಇಳಿಯಿತು. ಮೊದಲಿನಂತೆ ಅಲ್ಲ, ಸ್ವಲ್ಪ ಸಡಿಲ. ಆದರೆ ಇಳಿಯಿತು. ಮೇಲಿನ ಷಡ್ಜ ಬಂತು. ಒಂದು ಕಡೆ ಉಸಿರು ಸೋರುತ್ತದೆ, ಸೋರಲಿ. ಅಳು ಬಂತು. ಅಲ್ಲೇ ಅತ್ತೆ, ಗೋಡೆಯ ಮೇಲಿನ ನನ್ನೆದುರೇ.

"ಪಪ್ಪಂಗೆ ನಾನು ಹೇಳಲಾ?" ಎಂದಳು. ಮಾವನಿಗೆ.

"ಬೇಡ. ನಾನೇ ಹೇಳುತ್ತೇನೆ."

ನವೆಂಬರ್ ೨೮, ಶುಕ್ರವಾರ

ಹೇಳಲಿಲ್ಲ. ಧಣಿ ಮೂರು ಸಲ ಕೌಂಟರಿಗೆ ಬಂದರು. ಮೂರು ಸಲವೂ ತುಟಿ ಮುಚ್ಚಿಯೇ ನಕ್ಕೆ. ನಾಳೆ ಹೇಳುತ್ತೇನೆ.

ದಣಿವು. ಊದಿದ್ದರದ್ದಲ್ಲ, ಹೇಳದೆ ಇಟ್ಟುಕೊಂಡದ್ದರದ್ದು.

ನವೆಂಬರ್ ೩೦, ಭಾನುವಾರ. ಹಾಲ್‌ನಲ್ಲಿ, ಹತ್ತೂಕಾಲು

ನಿನ್ನೆಯೂ ಹೇಳಲಿಲ್ಲ.

ಬಿಳಿ ಶರ್ಟ್ ಹಾಕಿದ್ದೇನೆ. ಅಷ್ಟಾದರೂ ಧಣಿಯ ಮಾತು ನಡೆಯಲಿ. ವೇದಿಕೆಯ ಬದಿಯಲ್ಲಿ ಕೂತಿದ್ದೇವೆ. ಯಕ್ಷಿತಾ ಬಂದು ಅಜ್ಜನ ಕಾಲು ಮುಟ್ಟಿದಳು, ನನ್ನದನ್ನೂ. "ಅಂಕಲ್, ನೀವು ಬಂದ್ರಲ್ಲ" ಎಂದಳು. ಬರದೆ ಎಲ್ಲಿ ಹೋಗಲಿ? ನಕ್ಕೆ, ಮೂಲೆ ಹಾರಿದ ಹಲ್ಲು ಬಿಟ್ಟುಕೊಂಡೇ. ದೂಜಣ್ಣ ನೋಡಿ, "ಹ್ಞಾಂ, ಇದು ನಮ್ಮ ಶೀನ" ಎಂದ. ಮೊಣಕಾಲ ಮೇಲಿಟ್ಟ ಅವನ ಕೈ ನಡುಗುತ್ತಲೇ ಇದೆ.

ಫೋನ್. ಧಣಿ. ಜೇಬಿನಲ್ಲೇ ಹೊಡೆದುಕೊಂಡು ನಿಂತಿತು.

ನಾಳೆ ಕೌಂಟರು ಇರುತ್ತದೋ ಇಲ್ಲವೋ. ಹೆದರಿಕೆ ಇದೆ, ಇಲ್ಲ ಎನ್ನುವುದಿಲ್ಲ.

ಮತ್ತೆ ಫೋನ್. ಎತ್ತಿದರೆ ಏನು ಹೇಳುತ್ತೇನೆಂದು ನನಗೇ ಗೊತ್ತು. ಅದಕ್ಕೇ ಮೌತ್‌ಪೀಸ್ ಬಾಯಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಹತ್ತಿ ತುಂಬಿದ ಬಾಯಿಗೆ ಬೇಡ ಎನ್ನಲಾಗಲಿಲ್ಲ. ಈ ಬಾಯಿಗೆ ಆಯಿತು ಎನ್ನಲಾಗುವುದಿಲ್ಲ.

ಭಟ್ರು ಕೈ ಎತ್ತಿದರು. ದೂಜಣ್ಣ ಡೋಲಿನ ಮೇಲೆ ಕೈ ಇಟ್ಟ. ನಡುಕ ನಿಂತಿತು. ನನ್ನ ಕಡೆ ನೋಡಿದ. ಪೆನ್ನು ಕೆಳಗಿಡುತ್ತೇನೆ, ಊದಬೇಕು.