ಬಾಗಿಲು ತೆರೆಯದವಳ ದೂರು

ಮೊಕ್ಪೊ
ನವೆಂಬರ್ ೧೭, ಸೋಮವಾರ

ಉನ್‌ಸುಕ್ ಅಕ್ಕನಿಗೆ ದಾಸೊಮ್ ಮಾಡುವ ನಮಸ್ಕಾರಗಳು.

ಆಗಸ್ಟ್ ಆರರಂದು ನೀವು ಮನೆಭೇಟಿಗೆ ಬಂದು ನಮ್ಮ ಬಾಗಿಲು ತಟ್ಟಿದಾಗ ನಾನು ಮನೆಯೊಳಗೇ ಇದ್ದೆ. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಾಗಿಲಿಗೆ ಬೆನ್ನು ಕೊಟ್ಟು, ಚಪ್ಪಲಿ ಬಿಡುವ ಜಾಗದಲ್ಲಿ ಕೂತಿದ್ದೆ. ಶಾಲೆ ಬಿಟ್ಟವರು ಕಟ್ಟುವ ಪರೀಕ್ಷೆಗೆ ಅರ್ಜಿ ಹಾಕುತ್ತೇನೆ ಎಂದು ನಿಮಗೆ ಮಾತು ಕೊಟ್ಟಿದ್ದೆ. ಹಾಕಿರಲಿಲ್ಲ. ನಿಮ್ಮ ಮುಖ ನೋಡುವ ಧೈರ್ಯವಾಗಲಿಲ್ಲ.

"ದಾಸೊಮ್, ಒಳಗಿದ್ರೆ ಒಂದ್ಸಲ ಕೆಮ್ಮು, ಸಾಕು. ಬೈಯೋಕೆ ಬಂದಿಲ್ಲ ಕಣೇ," ಅಂದಿರಿ.

ನಾನು ಉಸಿರು ಬಿಗಿಹಿಡಿದೆ. ನೀವು ಬಾಗಿಲ ಹಿಡಿಕೆಗೆ ಚೀಲ ಸಿಕ್ಕಿಸಿ ಹೋದಿರಿ. ಅದರಲ್ಲಿ ಹುರಿದ ಸಣ್ಣ ಮೀನು, ಸೋಯಾ ರಸದಲ್ಲಿ ಬೇಯಿಸಿದ ಮೊಟ್ಟೆ. ಅಪ್ಪ ಹಡಗಿನ ಕೆಲಸಕ್ಕೆ ಹೋದ ಮೇಲೆ ಬೇರೆಯವರು ಮಾಡಿದ ಅಡುಗೆ ಅದೊಂದೇ. ಅದನ್ನು ತಿಂದೆ ಕೂಡ.

ಸಂಜೆ ಮೊಬೈಲಿಗೆ ನಿಮ್ಮ ಕಲ್ಯಾಣ ಕಚೇರಿಯ ಸಂದೇಶ ಬಂತು. ಇಂದಿನ ಮನೆಭೇಟಿ ಮುಗಿದಿದೆ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು. ಒಂದು ಅಂಕ ಒತ್ತಿ, ಕೆಳಗೆ ದೂರು ಬರೆದೆ: ಭೇಟಿಯಾಯಿತೆಂದು ದಾಖಲಿಸಿದ್ದಾರೆ, ಯಾರೂ ಮನೆಯೊಳಗೆ ಬಂದಿಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸುಳ್ಳಾಡುವವಳಲ್ಲ ಎಂದು ಊರಿಗೆಲ್ಲ ಜಂಬ ಕೊಚ್ಚುವ ನಾನು ಸುಳ್ಳೇ ಹೇಳದೆ ಮೋಸ ಮಾಡಿದೆ.

ಮೂರನೇ ದಿನ ನೀವು ಬಂದಿರಿ, ಜೊತೆಗೆ ನಿಮ್ಮ ಮುಖ್ಯಸ್ಥರು, ಹಣ್ಣಿನ ರಸದ ಬಾಟಲಿಗಳ ಡಬ್ಬ. ಅವರು ನಿಮ್ಮ ಕಡೆ ನೋಡಿದರು. ನೀವು ಹತ್ತೊಂಬತ್ತು ವರ್ಷದ ನನಗೆ ಸೊಂಟದಿಂದ ಬಾಗಿ, ತಪ್ಪಾಯಿತು ಎಂದಿರಿ. ನೆತ್ತಿಯ ಮೇಲೆ ನಿಮ್ಮ ಕೂದಲು ಎಷ್ಟು ತೆಳ್ಳಗಾಗಿದೆ ಎಂದು ಆಗ ಕಂಡಿತು. ನಾನು ಬಾಯಿ ಬಿಡಬೇಕಿತ್ತು. ಡಬ್ಬ ತೆಗೆದುಕೊಂಡು ಬಾಗಿಲು ಹಾಕಿದೆ.

ಕಳೆದ ವಾರ ಕಚೇರಿಗೆ ಹೋಗಿದ್ದೆ. ನಿಮ್ಮ ಕುರ್ಚಿ ಖಾಲಿ. ಪಕ್ಕದ ಮೇಜಿನ ಸೊಂಗ್‌ಹೀ ಅವರ ಮುಂದೆ ಎರಡು ರಾಶಿ ಕಡತ, ಒಂದು ಅವರದು, ಒಂದು ನಿಮ್ಮದು. ನಿಮ್ಮ ಪಾಲಿಗೆ ನೂರ ಎಂಬತ್ತು ಮನೆಗಳಿದ್ದವಂತೆ. ಆಗಸ್ಟ್ ತಿಂಗಳೊಂದರಲ್ಲೇ ಹನ್ನೊಂದು ಕ್ಷಮಾಪಣೆ ಬರೆದಿರಂತೆ. ನಿದ್ದೆ ಬರುತ್ತಿಲ್ಲ ಎಂದು ಹೇಳಿಕೊಂಡಿದ್ದಕ್ಕೆ ಊಟದ ಬಿಡುವಿನಲ್ಲಿ ನಿಮಗೆ ನಲವತ್ತು ನಿಮಿಷದ ವಿಡಿಯೋ ತೋರಿಸಿದರಂತೆ, ಮನಸ್ಸನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ.

"ನೋಡಿದ್ದಕ್ಕೆ ಸರ್ಟಿಫಿಕೇಟೂ ಕೊಟ್ರು. ಅದನ್ನ ಗೋಡೆಗೆ ಅಂಟಿಸಿ ತುಂಬಾ ಹೊತ್ತು ನಕ್ಕಳು. ಮಾರನೇ ದಿನದಿಂದ ರಜೆ ಮೇಲಿದಾಳೆ," ಎಂದರು ಸೊಂಗ್‌ಹೀ. ಆಮೇಲೆ ನಾನು ಯಾವ ಮನೆಯವಳು ಎಂದು ಕೇಳಿದರು. ಹೆಸರು ಹೇಳಿದೆ.

"ಓ," ಅಂದರು. "ಒಂದಂಕ."

ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ನಿಮ್ಮ ಹೆಸರಿನ ಮೇಲೆ ಸುಳ್ಳು ದಾಖಲೆ ಬರೆದರೆಂಬ ಎಚ್ಚರಿಕೆ ಕೂತಿದೆಯಂತೆ. ಅದು ಇರುವ ತನಕ ನೀವು ರಜೆ ಮುಗಿಸಿ ಬಂದರೂ ಮನೆಭೇಟಿಯ ಕೆಲಸ ಕೊಡುವುದಿಲ್ಲವಂತೆ. ಅಲ್ಲೇ ಕೂತು ಹೇಳಿಕೆ ಬರೆದೆ: ಅವರು ಬಂದಿದ್ದರು, ಕರೆದರು, ನಾನೇ ತೆರೆಯಲಿಲ್ಲ. ನಿಮ್ಮ ಮುಖ್ಯಸ್ಥರು ಓದಿ, "ಮುಗಿದು ಹೋದದ್ದನ್ನ ಯಾಕಮ್ಮ ಕೆದಕ್ತೀಯ?" ಎಂದು ವಾಪಸು ಚಾಚಿದರು. ನನ್ನ ಮೊಂಡತನ ನಿಮಗೆ ಗೊತ್ತಲ್ಲ. ಕಚೇರಿ ಮುಚ್ಚುವ ತನಕ ಅವರ ಮೇಜಿನೆದುರಿನಿಂದ ಏಳಲಿಲ್ಲ. ಕೊನೆಗೆ 'ಸ್ವೀಕರಿಸಲಾಗಿದೆ' ಎಂಬ ಮೊಹರು ಒತ್ತಿದರು. ಅದರ ಪ್ರತಿ ಈ ಪತ್ರದೊಳಗಿದೆ. ಸೊಂಗ್‌ಹೀ ನಿಮಗೆ ತಲುಪಿಸುತ್ತಾರೆ. ಎಚ್ಚರಿಕೆ ಅಳಿಯುತ್ತದೆಯೇ ಎಂದು ಕೇಳಿದರೆ, ಮುಖ್ಯಸ್ಥರು ಮೊಹರನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದರು.

ಕ್ಷಮಿಸಿ ಎಂದು ಬರೆಯುವುದಿಲ್ಲ. ಬರೆದರೆ ನೀವು ಅದಕ್ಕೂ ಉತ್ತರ ಬರೆಯಲು ಕೂರುತ್ತೀರಿ.

ಇಂತಿ,
ನೀವು ಬಾಗಿದಾಗ ಸುಮ್ಮನೆ ನಿಂತಿದ್ದ
ಮೆಂಗ್ ದಾಸೊಮ್

ತಾ.ಕ.: ಹೇಳಿಕೆಯಲ್ಲಿ ದೂರು ಕೊಟ್ಟ ಕಾರಣ ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ. ನಿಮಗೆ ಮಾತ್ರ ಹೇಳುತ್ತೇನೆ. ನೀವು ಹೋದ ಮೇಲೆ ಬಾಗಿಲು ತೆರೆಯಬೇಕಿತ್ತು ಅನ್ನಿಸಿತು, ಆದರೆ ನಿಮ್ಮ ಮುಂದಿನ ಭೇಟಿ ಅಕ್ಟೋಬರಿನಲ್ಲಿತ್ತು. ದೂರು ಕೊಟ್ಟ ಮನೆಗೆ ಮೂರು ದಿನದೊಳಗೆ ಬರುತ್ತಾರೆ ಎಂಬುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ನೀವು ಬೇಗ ಬರಲಿ ಎಂದೇ ದೂರು ಕೊಟ್ಟೆ. ನನಗೆ ವಾಂಡೊದಲ್ಲಿ ಕಡಲಪಾಚಿ ಒಣಗಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.