ಗುಂಡಿ ಬೇಡವೆಂದ ತಾಯಿ

ನವೆಂಬರ್ ೯, ೧೮೭೪, ಸೋಮವಾರ

ಮಂಡಿನೋವು ಬಿಟ್ಟಿಲ್ಲ. ಆ ಮುದುಕಿಯೂ ತಲೆಯಿಂದ ಇಳಿಯುತ್ತಿಲ್ಲ.

ಮಧ್ಯಾಹ್ನದ ದೋಣಿಯಲ್ಲಿ ದ್ವೀಪಕ್ಕೆ ಬಂದವರು ಎಂದಿನಂತೆ ಈ ಹಳೆಯ ದಂಡನಾಯಕನ ಕೆಂಪಂಗಿಯ ಗುಂಡಿ ಕೇಳಿದರು. ಯುದ್ಧದ ನೆನಪಿಗಂತೆ! ಯುದ್ಧ ಕಂಡ ಗುಂಡಿಗಳು ಮುಗಿದು ಹತ್ತು ವರ್ಷವಾಯಿತು. ಮನೆ ನೋಡಿಕೊಳ್ಳುವ ಫಿಲೊಮೆನಾ ಈಗ ಸಂತೆಯಿಂದ ತಂದು ಹೊಲಿಯುತ್ತಾಳೆ. "ಇವತ್ತು ನಾಲ್ಕೇ ಹಾಕಿದ್ದೀನಿ ಯಜಮಾನ್ರೇ, ಧಾರಾಳ ಮಾಡ್ಬೇಡಿ" ಎಂದು ಬೆಳಗ್ಗೆಯೇ ಗದರಿದ್ದಳು. ಒಬ್ಬ ವಕೀಲ ಆ ಸಂತೆಯ ಗುಂಡಿಗೆ ಮುತ್ತಿಟ್ಟು ಅತ್ತೇಬಿಟ್ಟ. ನಾನು ಮುಂದಿನವನಿಗೆ ಇನ್ನೊಂದು ಕಿತ್ತುಕೊಟ್ಟೆ.

ಎಲ್ಲರೂ ದೋಣಿಯತ್ತ ಹೊರಟ ಮೇಲೆ ಬೆರ್ಗಾಮೊ ಕಡೆಯ ಮುದುಕಿಯೊಬ್ಬಳು ಉಳಿದಳು. ಕೊನೆಯ ಗುಂಡಿ ಕಿತ್ತು ಅವಳ ಕೈಗಿಟ್ಟೆ.

"ಇದು ಬೇಡಪ್ಪ. ನನ್ನ ಮಗ ಜಕರಿಯಾ ನಿಮ್ ದಂಡಿನ ಜೊತೆ ಸಿಸಿಲಿ ಯುದ್ಧಕ್ಕೆ ಬಂದಿದ್ದ, ವಾಪಸ್ ಬರ್ಲಿಲ್ಲ. ನೆನಪಿದ್ದಾನಾ?"

ಯಾವ ಮುಖವೂ ನೆನಪಾಗಲಿಲ್ಲ. "ನೆನಪಿಲ್ಲದೆ ಏನಮ್ಮ? ಹುಲಿಯಂಥವನು. ಎಲ್ಲರಿಗಿಂತ ಮುಂದೆ ನುಗ್ಗಿದ" ಎಂದೆ. ಎಲ್ಲ ತಾಯಂದಿರಿಗೂ ಹೇಳುವುದು ಇದನ್ನೇ.

ಅವಳು ನನ್ನನ್ನೇ ನೋಡಿದಳು. "ಆಡು ಕಂಡ್ರೂ ನನ್ನ ಸೆರಗಿನ ಹಿಂದೆ ಅವಿತ್ಕೊಳ್ತಿದ್ದ ಮಗು ಅದು. ಸಾಯೋವಾಗ ಪಕ್ಕದಲ್ಲಿ ಯಾರಾದ್ರೂ ಇದ್ರಾ ಅಂತ ಕೇಳೋಕೆ ಬಂದೆ."

ಅವಳು ಬೈಯಲಿಲ್ಲ. ಚೀಲದಿಂದ ಸೂಜಿದಾರ ತೆಗೆದು, ಗುಂಡಿಯನ್ನು ನನ್ನ ಅಂಗಿಗೇ ಹೊಲಿದಳು. ಹಲ್ಲಿನಿಂದ ದಾರ ಕಡಿದು, "ಗಾಳಿ ಜೋರಾಗಿದೆ, ಎದೆ ಮುಚ್ಕೊಳ್ಳಿ" ಎಂದು ಹೊರಟುಹೋದಳು.

ಫಿಲೊಮೆನಾ ಮಲಗಿಯಾಯಿತು. ಅಂಗಿ ಬಿಚ್ಚಲು ಮನಸ್ಸಾಗುತ್ತಿಲ್ಲ. ಜಕರಿಯಾ, ಆ ಹೊತ್ತಿನಲ್ಲಿ ನಿನ್ನ ಪಕ್ಕದಲ್ಲಿ ಯಾರಿದ್ದರು?