ಊರು ತುಂಬ ಫೇವ್ರ್‌ಗಳು

ಲಾ ಕೋಂಬ್, ಗುರುವಾರ

ಅಣ್ಣಾ,

ತಾತ ಹುಟ್ಟಿದ ಬೆಟ್ಟದೂರಿಗೆ ನಿನ್ನೆ ಬಂದಿಳಿದೆ. ಇಲ್ಲಿನ ಗೋರಿಗಳಲ್ಲಿ ಮೂರಕ್ಕೆ ಎರಡರ ಮೇಲೆ ನಮ್ಮ ಮನೆತನದ ಹೆಸರೇ ಇದೆ. ನಮ್ಮ ಬೀದಿಯಲ್ಲಿ ನಾವೊಬ್ಬರೇ ಫೇವ್ರ್ ಎಂದು ಬೀಗುತ್ತಿದ್ದೆವಲ್ಲ, ಇಲ್ಲಿ ಕಟುಕನೂ ಫೇವ್ರ್, ಪಾದ್ರಿಯೂ ಫೇವ್ರ್, ಅಂಚೆಯವಳೂ ಫೇವ್ರ್.

ಕಾಫಿ ಅಂಗಡಿಯ ಮುದುಕಿ ಯುಗೆಟ್‌ಗೆ ಹೆಸರು ಹೇಳಿದೆ. ಅವಳು ಲೋಟ ಒರೆಸುವುದನ್ನೂ ನಿಲ್ಲಿಸಲಿಲ್ಲ.

"ಅದ್ರಲ್ಲೇನಿದೆ? ಫೇವ್ರ್ ಅಂದ್ರೆ ಕಮ್ಮಾರ. ಕುದುರೆ ಇದ್ದ ಊರಲ್ಲೆಲ್ಲ ಒಬ್ಬ ಕಮ್ಮಾರ ಇದ್ದೇ ಇದ್ದ. ನಿಮ್ಮನೆ ಅಡ್ಡಹೆಸ್ರು ಹೇಳಮ್ಮ."

ಇಲ್ಲಿ ಒಂದೊಂದು ಫೇವ್ರ್ ಮನೆಗೂ ಊರೇ ಇಟ್ಟ ಅಡ್ಡಹೆಸರಿದೆ: ಬೋಳುತಲೆಯವರು, ಮೂರು ಮೇಕೆಯವರು. ತಾತ ನಮ್ಮದನ್ನು ಹೇಳಿರಲೇ ಇಲ್ಲ. ನಾನು ತಡವರಿಸಿದ್ದೇ ತಡ, ಪಕ್ಕದ ಮೇಜಿನ ನಾಲ್ವರು ಇಸ್ಪೀಟು ಕೆಳಗಿಟ್ಟರು.

"ಶನಿವಾರ ಊರ ಕಾಡಿನ ಸೌದೆ ಹಂಚ್ತಾರೆ, ಊರಲ್ಲಿ ಒಲೆ ಉರಿಯೋ ಮನೆಗೊಂದು ಪಾಲು," ಎಂದ ಒಬ್ಬ, ಗೋಡೆಗೆ ಹೇಳುವಂತೆ. "ಈ ವಾರವೇ ನೆಂಟ್ರು ಹುಟ್ಕೋತಾರೆ ನೋಡಿ."

ಸೌದೆ ಬೇಡ, ತಾತನ ಮನೆ ತೋರಿಸಿದರೆ ಸಾಕು ಎಂದೆ.

"ಮೊದ್ಲು ಮನೆ ಅಂತಾರೆ, ಆಮೇಲೆ ಒಲೆ ಅಂತಾರೆ," ಎಂದಳು ಯುಗೆಟ್.

ಮನೆ ಎಲ್ಲಿದೆಯೆಂದು ಇವರಿಗೆ ಗೊತ್ತು ಅಣ್ಣಾ, ಬೇಕೆಂದೇ ಬಾಯಿ ಬಿಡುತ್ತಿಲ್ಲ.

ಕೆಮ್ಮು ಕಡಿಮೆಯಾಗಿದೆ. ಉಣ್ಣೆಯ ಕಾಲುಚೀಲ ಕಳಿಸು. ಉತ್ತರವನ್ನು ಲಕೋಟೆಯಲ್ಲೇ ಹಾಕು, ಈ ಕಾರ್ಡನ್ನು ಅಂಚೆಯವಳು ನಿನಗಿಂತ ಮೊದಲೇ ಓದಿರುತ್ತಾಳೆ. ಮೇಲೆ ಬರೀ ಫೇವ್ರ್ ಎಂದು ಬರೆದರೆ ಯಾರ ಮನೆಗೋ ಹೋದೀತು. 'ಸೌದೆಗೆ ಬಂದವಳು' ಎಂದು ಸೇರಿಸು. ಬೆಳಿಗ್ಗೆಯಿಂದ ಊರೆಲ್ಲ ನನ್ನನ್ನು ಹಾಗೇ ಕರೆಯುತ್ತಿದೆ.

ನಿನ್ನ ತಂಗಿ,
ಒಡಿಲ್